ಪುಟ್ಟ ಮಕ್ಕಳಿಗೆ ಗುಳಿಯಪ್ಪ: ಕೊಯ್ಲಿನ ದಿನಗಳಲ್ಲೊಂದು ಸುಲಭ ಪೌಷ್ಟಿಕ ತಿಂಡಿ

ಅಡಿಕೆಯ ಕೊಯ್ಲೂ ಕಾಫಿಯ ಕೊಯ್ಲೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ ಬರುತ್ತವೆ. ಘಟ್ಟದ ಮೇಲೆ ಅರೇಬಿಕಾ ಹಣ್ಣು ಬಿಡಿಸಿ ಮುಗಿಯುವಷ್ಟರಲ್ಲಿ ರೊಬಸ್ಟಾ ಕೆಂಪಾಗಿರುತ್ತದೆ. ಘಟ್ಟದ ಕೆಳಗೆ ಅಂಗಳದ ತುಂಬ ಹಣ್ಣಡಿಕೆ ಹರಡಿರುತ್ತದೆ. ನವೆಂಬರಿನಿಂದ ಮಾರ್ಚಿಯವರೆಗೆ ಬೆಳೆಗಾರರ ಮನೆಯ ಹೆಂಗಸರಿಗೆ ಬೆಳಗಾದದ್ದೂ ತಿಳಿಯುವುದಿಲ್ಲ, ಕತ್ತಲಾದದ್ದೂ ತಿಳಿಯುವುದಿಲ್ಲ. ಕೆಲಸದವರಿಗೆ ಚಾ-ತಿಂಡಿ, ಹಟ್ಟಿಯ ಕೆಲಸ, ಶಾಲೆಗೆ ಹೋಗುವವರಿಗೆ ಬುತ್ತಿ, ಇವೆಲ್ಲ ಹೇಗೋ ಆಗುತ್ತವೆ. ಆಗದೆ ಉಳಿಯುವುದು ಒಂದರಿಂದ ಮೂರು ವರ್ಷದ ಮಗುವಿನ ಊಟ. ಅದು ದೊಡ್ಡವರ ತಟ್ಟೆಯಲ್ಲಿ ಕುಳಿತು ತಿನ್ನುವಷ್ಟು ದೊಡ್ಡದಲ್ಲ, ಬರಿಯ ಹಾಲಿನಲ್ಲಿ ಬೆಳೆಯುವಷ್ಟು ಚಿಕ್ಕದೂ ಅಲ್ಲ. ಕೊನೆಗೆ ಅದರ ಕೈಗೊಂದು ಬಿಸ್ಕತ್ತು ಕೊಟ್ಟು ಸುಮ್ಮನಾಗಿಸುವುದೇ ಹೆಚ್ಚು.

ನಮ್ಮ ಪಡುಬಿದ್ರಿಯಂತಹ ಊರಿನಲ್ಲಿ ಈ ಉಪಾಯಕ್ಕೆ ಅಡ್ಡಿಯೇ ಇಲ್ಲ. ಮಂಗಳೂರು-ಉಡುಪಿ ಹೆದ್ದಾರಿಗೆ ಕಾರ್ಕಳದ ಮಾರ್ಗ ಬಂದು ಸೇರುವ ಪೇಟೆ ಇದು. ಯಾವ ಅಂಗಡಿಯ ಮುಂದೆ ನಿಂತರೂ ಬಣ್ಣಬಣ್ಣದ ಪೊಟ್ಟಣಗಳ ಮಾಲೆ ತೂಗುತ್ತಿರುತ್ತದೆ. ಮಗು ಕೈ ಚಾಚುತ್ತದೆ, ಹಿರಿಯರು ಕೊಡಿಸುತ್ತಾರೆ. ಆ ಪೊಟ್ಟಣದಲ್ಲಿರುವುದು ಉಪ್ಪು, ಎಣ್ಣೆ, ಪಿಷ್ಟ; ಬಿಸ್ಕತ್ತಿನಲ್ಲಾದರೆ ಮೈದಾ ಮತ್ತು ಸಕ್ಕರೆ. ಮಗುವಿನ ಹಸಿವು ಅಡಗುತ್ತದೆ, ಮಧ್ಯಾಹ್ನದ ಊಟ ಬೇಡವಾಗುತ್ತದೆ.

ಇದು ಸಣ್ಣ ವಿಷಯವಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ 61ರ ಆಸುಪಾಸಿನಲ್ಲಿತ್ತು. ಅಂದರೆ ಕಡಿಮೆಯಾಗುವ ಬದಲು ಏರಿದೆ. ದೇಶದಲ್ಲಿ ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಮಕ್ಕಳ ಪೈಕಿ ವಯಸ್ಸಿಗೆ ತಕ್ಕಷ್ಟು ಸಾಕಾದ ಆಹಾರ ಪಡೆಯುವವರು ನೂರಕ್ಕೆ ಹನ್ನೊಂದು ಮಂದಿ ಮಾತ್ರವೆಂದೂ ಅದೇ ಸಮೀಕ್ಷೆ ಹೇಳುತ್ತದೆ. ಇಷ್ಟು ಮನೆಗಳೂ ಬಡವರ ಮನೆಗಳಲ್ಲ. ತೋಟವಿದ್ದು, ಹಾಲು ಕರೆಯುವ ದನವಿದ್ದು, ಹಿತ್ತಿಲಲ್ಲಿ ನುಗ್ಗೆ ಬಸಳೆ ಇದ್ದರೂ ಮಗುವಿನ ರಕ್ತದಲ್ಲಿ ಕಬ್ಬಿಣ ಕಡಿಮೆ ಎಂದು ವೈದ್ಯರು ಹೇಳುವುದುಂಟು.

ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ಕರಾವಳಿಯದೇ ಆದ ಅಭ್ಯಾಸ: ಪುಟ್ಟ ಮಕ್ಕಳಿಗೆ ಗಂಜಿ ತಿಳಿ ಕುಡಿಸುವುದು. ಕುಚ್ಚಲಕ್ಕಿ ಗಂಜಿಯನ್ನು ಹೀಗಳೆಯುವ ಉದ್ದೇಶ ಖಂಡಿತ ಇಲ್ಲ. ಮಗು ಜ್ವರದಿಂದ ಎದ್ದಾಗ ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಆದರೆ ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೆ ಸುಮಾರು 30 ಮಿಲಿಲೀಟರ್ ಎಂಬುದು ಶಿಶು ಆಹಾರ ತಜ್ಞರ ಲೆಕ್ಕ. ಹತ್ತು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ 300 ಮಿಲಿಲೀಟರ್ ಹಿಡಿದರೆ ಹೆಚ್ಚು. ಅಷ್ಟು ಜಾಗದಲ್ಲಿ ಒಂದು ಲೋಟ ತಿಳಿಗಂಜಿ ತುಂಬಿದರೆ ಹೊಟ್ಟೆ ಉಬ್ಬುತ್ತದೆ, ಒಳಗಿರುವುದು ಹೆಚ್ಚುಪಾಲು ನೀರು. ಅದೇ ಮಗುವಿಗೆ ದಿನಕ್ಕೆ ಸುಮಾರು ಸಾವಿರ ಕೆಲೊರಿ ಶಕ್ತಿ ಬೇಕು. ಆದ್ದರಿಂದ ಪುಟ್ಟ ಮಗುವಿಗೆ ಕೊಡುವ ಆಹಾರ ಪ್ರಮಾಣದಲ್ಲಿ ಕಡಿಮೆ, ಸತ್ವದಲ್ಲಿ ಹೆಚ್ಚು ಇರಬೇಕು. ಸ್ವಲ್ಪ ತುಪ್ಪವೋ ತೆಂಗಿನಕಾಯಿಯೋ ಅದರಲ್ಲಿ ಸೇರಿರಬೇಕು. ಜೊತೆಗೆ ಮಗು ತಾನೇ ಕೈಯಲ್ಲಿ ಹಿಡಿದು ತಿನ್ನುವಂತಿದ್ದರೆ ತಾಯಿಯ ಅರ್ಧ ಗಂಟೆ ಉಳಿಯಿತು.

ವಾಫಲ್ ಮತ್ತು ಕಾವಲಿ

ಇತ್ತೀಚೆಗೆ ಮುಂಬಯಿಯಿಂದಲೋ ಕೊಲ್ಲಿ ದೇಶಗಳಿಂದಲೋ ಅಮೆರಿಕದಿಂದಲೋ ರಜೆಯಲ್ಲಿ ಊರಿಗೆ ಬರುವ ಮಗಳಂದಿರು, ಸೊಸೆಯಂದಿರು ಇಂತಹುದೇ ಒಂದು ತಿಂಡಿಯ ಹೆಸರು ಹೇಳುತ್ತಾರೆ: ವಾಫಲ್. ಹಿಟ್ಟು, ಮೊಟ್ಟೆ, ಹಾಲು, ಬೆಣ್ಣೆಗಳನ್ನು ಕಲಸಿ ಎರಡು ಕಾದ ಲೋಹದ ಹಲಗೆಗಳ ನಡುವೆ ಒತ್ತಿ ಬೇಯಿಸುವ ಯುರೋಪಿನ ಹಳೆಯ ತಿಂಡಿ ಅದು. ಹಲಗೆಗಳ ಮೇಲಿನ ಉಬ್ಬುಗಳಿಂದಾಗಿ ತಿಂಡಿಯ ಮೈತುಂಬ ಜೇನುಹಟ್ಟಿಯ ಹಾಗೆ ಚೌಕಾಕಾರದ ಗುಳಿಗಳು ಬೀಳುತ್ತವೆ. ಆ ಕಡೆಯ ತಾಯಂದಿರು ಹಿಟ್ಟಿಗೆ ಬಾಳೆಹಣ್ಣು, ಓಟ್ಸು, ತುರಿದ ಕ್ಯಾರೆಟ್ಟು ಸೇರಿಸಿ ಐದು ನಿಮಿಷದಲ್ಲಿ ಬೇಯಿಸಿ, ಉದ್ದುದ್ದ ಕತ್ತರಿಸಿ ಮಗುವಿನ ಕೈಗೆ ಕೊಡುತ್ತಾರೆ. ಯೋಚನೆ ಒಳ್ಳೆಯದೇ. ಹೊರಗೆ ಸ್ವಲ್ಪ ಗಟ್ಟಿ, ಒಳಗೆ ಮೆತ್ತಗೆ, ಹಿಡಿಯಲು ಸುಲಭ. ಏನು ಸೇರಿಸಿದರೂ ಹಿಟ್ಟು ತನ್ನೊಳಗೆ ಅಡಗಿಸಿಕೊಳ್ಳುತ್ತದೆ.

ಇದನ್ನು ಕೇಳಿದಾಗ ನಮ್ಮ ಅಟ್ಟದ ಮೇಲಿರುವ ಗುಳಿಯಪ್ಪದ ಕಾವಲಿಯ ನೆನಪು ಯಾರಿಗಾದರೂ ಬಂದೀತು. ಘಟ್ಟದ ಮೇಲೆ ಪಡ್ಡಿನ ಹಂಚು ಎನ್ನುವುದೂ ಕೊಂಕಣಿ ಮನೆಗಳಲ್ಲಿ ಅಪ್ಪೊ ಮಾಡುವುದೂ ಇದರಲ್ಲಿಯೇ. ಏಳು ಗುಳಿಯದೋ ಹೆಚ್ಚಿನದೋ ಇರಲಿ, ಎರಕದ ಕಬ್ಬಿಣದ್ದಾದರೆ ಉತ್ತಮ. ಗುಳಿಯಪ್ಪ ಮಗುವಿನ ಮುಷ್ಟಿಯ ಅಳತೆಗೇ ಮಾಡಿದಂತಿದೆ. ಗುಳಿಗೆ ಎಂಟು-ಹತ್ತು ಹನಿ ತುಪ್ಪ ಸಾಕು, ಕರಿಯುವ ಎಣ್ಣೆ ಬೇಡ. ಮುಚ್ಚಿ ಬೇಯಿಸುವುದರಿಂದ ಒಳಗೂ ಬೇಯುತ್ತದೆ. ವಾಫಲಿನ ಯಂತ್ರ ಮನೆಗೆ ಬಂದಿದ್ದರೆ ಅದನ್ನು ಬಿಸಾಡಬೇಕಾಗಿಲ್ಲ. ಕೆಳಗೆ ಹೇಳುವ ಹಿಟ್ಟುಗಳನ್ನೇ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ದಪ್ಪ ಮಾಡಿ ಅದರಲ್ಲಿ ಹಾಕಬಹುದು. ಅದನ್ನು ಕೊಳ್ಳಲೆಂದೇ ಹಣ ಖರ್ಚು ಮಾಡುವ ಅಗತ್ಯ ಮಾತ್ರ ಕಾಣುವುದಿಲ್ಲ.

ಕಬ್ಬಿಣದ ಕಾವಲಿಯ ಬಗ್ಗೆ ಇನ್ನೊಂದು ಮಾತು. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ, ಅದರಲ್ಲಿಯೂ ಹುಳಿ ಮತ್ತು ನೀರಿನ ಅಂಶವಿರುವ ಆಹಾರಕ್ಕೆ, ಸ್ವಲ್ಪ ಕಬ್ಬಿಣ ಇಳಿಯುತ್ತದೆ. ಇಥಿಯೋಪಿಯಾ ದೇಶದಲ್ಲಿ ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಮಾಡಿದ ಮನೆಗಳ ಮಕ್ಕಳನ್ನೂ ಅಲ್ಯೂಮಿನಿಯಂ ಪಾತ್ರೆ ಬಳಸಿದ ಮನೆಗಳ ಮಕ್ಕಳನ್ನೂ ಹೋಲಿಸಿ ನೋಡಿದಾಗ ಮೊದಲಿನವರ ರಕ್ತ ಹೆಚ್ಚು ಸುಧಾರಿಸಿತ್ತೆಂದು 1999ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಐದು ನಿಮಿಷ ಬೇಯುವ ಗುಳಿಯಪ್ಪದಲ್ಲಿ ಇಳಿಯುವುದು ಅಲ್ಪವೇ ಆದೀತು, ಅದು ಔಷಧಿಯಲ್ಲ. ಆದರೂ ಅಂಟದ ಲೇಪದ ಹೊಸ ಕಾವಲಿ ಬಂತೆಂದು ಅಜ್ಜಿಯ ಕಾಲದ್ದನ್ನು ಗುಜರಿಗೆ ಹಾಕಬೇಡಿ ಎನ್ನಲು ಇಷ್ಟು ಕಾರಣ ಸಾಕು.

ಮೂರು ವಿಧದ ಹಿಟ್ಟು

ಮೊದಲನೆಯದು, ಮನೆಯಲ್ಲಿ ಇಡ್ಲಿಯ ಹಿಟ್ಟು ಉಳಿದಿರುವ ದಿನದ್ದು. ಅಕ್ಕಿಯಲ್ಲಿ 100 ಗ್ರಾಮಿಗೆ 7-8 ಗ್ರಾಂ ಸಸಾರಜನಕ ಅಂದರೆ ಪ್ರೋಟೀನು ಇದ್ದರೆ, ಉದ್ದಿನಲ್ಲಿಯೂ ಹೆಸರಿನಲ್ಲಿಯೂ 22ರಿಂದ 24 ಗ್ರಾಂ ಇರುತ್ತದೆ. ಅಕ್ಕಿಯಲ್ಲಿ ಕೊರತೆ ಇರುವ ಸಸಾರಜನಕದ ಭಾಗವನ್ನು ಬೇಳೆ ತುಂಬಿಕೊಡುತ್ತದೆ. ಎರಡನ್ನೂ ಕೂಡಿಸಿ ಅರೆಯುವ ಪದ್ಧತಿ ಹಾಕಿಕೊಟ್ಟ ಹಿರಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಫಲ ಗೊತ್ತಿತ್ತು. ಒಂದು ಕುಡ್ತೆ ಇಡ್ಲಿ ಹಿಟ್ಟಿಗೆ ರಾತ್ರಿ ನೆನೆಹಾಕಿದ ಹೆಸರುಕಾಳನ್ನು ಒಂದು ಹಿಡಿ ನುಣ್ಣಗೆ ಅರೆದು ಸೇರಿಸಬೇಕು. ಎರಡು ಚಮಚ ಎಳೆಯ ತೆಂಗಿನತುರಿ, ತೀರಾ ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಒಂದು ಚಿಟಿಕೆಯಿಂದ ಮೊದಲುಮಾಡಿ ಒಂದು ಚಮಚದವರೆಗೆ, ಅಥವಾ ತುರಿದ ಕ್ಯಾರೆಟ್ಟು, ಸಿಹಿಗುಂಬಳ. ಹಸಿಮೆಣಸು, ಇಡಿ ಸಾಸಿವೆ, ಕಡಲೆಬೇಳೆಯ ಒಗ್ಗರಣೆ ದೊಡ್ಡವರ ಗುಳಿಯಪ್ಪಕ್ಕೆ ಇರಲಿ, ಮಗುವಿನದಕ್ಕೆ ಬೇಡ. ಉಪ್ಪು ಹೆಸರಿಗೆ ಮಾತ್ರ. ಕಾವಲಿ ಕಾದ ಮೇಲೆ ಉರಿ ತಗ್ಗಿಸಿ, ಗುಳಿಗೆ ತುಪ್ಪ ಸವರಿ, ಮುಕ್ಕಾಲು ತುಂಬುವಂತೆ ಹಿಟ್ಟು ಹೊಯ್ದು ಮುಚ್ಚಿ ಮೂರು ನಿಮಿಷ, ಮಗುಚಿ ಎರಡು ನಿಮಿಷ. ಹಸಿ ಹೆಸರು ಸೇರಿರುವುದರಿಂದ ಒಳಗೆ ಪೂರ್ತಿ ಬೇಯಬೇಕು. ಒಂದನ್ನು ಮುರಿದು ನೋಡುವುದು ಒಳ್ಳೆಯದು. ಕರಾವಳಿಯ ಸೆಕೆಯಲ್ಲಿ ಹಿಟ್ಟು ಬೇಗ ಹುಳಿ ಬರುತ್ತದೆ. ಮೂಗಿಗೆ ಘಾಟು ಬಡಿಯುವಷ್ಟು ಹುಳಿಯಾದ ಹಿಟ್ಟನ್ನು ದೊಡ್ಡವರ ದೋಸೆಗೆ ಉಪಯೋಗಿಸಿ.

ಎರಡನೆಯದು ರಾಗಿ ಮತ್ತು ಬಾಳೆಹಣ್ಣಿನದು. ಅರೆಯುವುದೂ ಇಲ್ಲ, ಹುದುಗುವುದೂ ಇಲ್ಲ. ಕೊಯ್ಲಿನ ದಿನಕ್ಕೆ ಇದಕ್ಕಿಂತ ತ್ವರಿತವಾದದ್ದು ಬೇರೆ ಇಲ್ಲವೆಂದರೂ ಸರಿ. ಅರ್ಧ ಕುಡ್ತೆ ರಾಗಿ ಹಿಟ್ಟು, ಕಾಲು ಕುಡ್ತೆ ಹುರಿದ ಹೆಸರಿನ ಹಿಟ್ಟು, ಚೆನ್ನಾಗಿ ಕಳಿತ ಎರಡು ಕದಳಿ ಬಾಳೆಹಣ್ಣು ಕಿವುಚಿದ್ದು, ಮೊಟ್ಟೆ ತಿನ್ನುವ ಮನೆಯಾದರೆ ಒಂದು ಮೊಟ್ಟೆ, ಕಲಸುವಷ್ಟು ಹಾಲು. ಹತ್ತು ನಿಮಿಷ ಹಾಗೆಯೇ ಬಿಟ್ಟರೆ ರಾಗಿ ನೀರು ಹೀರಿಕೊಂಡು ಹಿಟ್ಟು ದಪ್ಪವಾಗುತ್ತದೆ; ಬೇಕಾದರೆ ಮತ್ತೆ ಎರಡು ಚಮಚ ಹಾಲು. ಏಲಕ್ಕಿ ಪುಡಿ ಚಿಟಿಕೆ. ಬಾಳೆಹಣ್ಣಿನ ಸಿಹಿಯೇ ಸಾಕು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ ಬೆರೆಸಬಾರದೆಂದು ಈಗಿನ ವೈದ್ಯರ ಮತ. ಬೆಲ್ಲವೂ ಆ ಲೆಕ್ಕಕ್ಕೆ ಸಕ್ಕರೆಯೇ. ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ ಎಂದು ಅಜ್ಜಿಯಂದಿರು ವಾದಿಸುತ್ತಾರೆ. ಇದೆ, ಆದರೆ ಮಗುವಿಗೆ ಬೇಕಾಗುವಷ್ಟು ಕಬ್ಬಿಣ ಬೆಲ್ಲದಿಂದಲೇ ಬರಬೇಕಾದರೆ ಹಲ್ಲು ಉಳಿಯಲಾರದು.

ರಾಗಿಯ ಹೆಚ್ಚುಗಾರಿಕೆ ಸುಣ್ಣದ ಅಂಶದಲ್ಲಿದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣವಿದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ಅಕ್ಕಿಯಲ್ಲಿ ಹತ್ತರ ಆಸುಪಾಸು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕೆಂಬುದನ್ನು ನೋಡಿದರೆ ರಾಗಿಯ ಬೆಲೆ ತಿಳಿಯುತ್ತದೆ. ಘಟ್ಟದ ಕೆಳಗಿನ ನಾವು ಅಕ್ಕಿಯವರು. ರಾಗಿ ಎಂದರೆ ಬೇಸಗೆಯ ತಂಪಿಗೆ ಮಣ್ಣಿ ಮಾಡಲಿಕ್ಕೆ ಮಾತ್ರ ಎಂದುಕೊಂಡವರೇ ಹೆಚ್ಚು.

ಮೂರನೆಯದು ಹಲಸಿನ ಕಾಲದ್ದು. ತುಳುವ ಹಲಸಿನ ಹಣ್ಣು ಪೇಟೆಯಲ್ಲಿ ಬೆಲೆ ಬಾಳುವುದಿಲ್ಲ, ಬಕ್ಕೆಯನ್ನೇ ಎಲ್ಲರೂ ಕೇಳುತ್ತಾರೆ. ಆದರೆ ಗುಳಿಯಪ್ಪಕ್ಕೆ ತುಳುವವೇ ಲೇಸು. ಒಂದು ಕುಡ್ತೆ ಬೆಳ್ತಿಗೆ ಅಕ್ಕಿ ನೆನೆಸಿ, ಒಂದೂವರೆ ಕುಡ್ತೆ ಹಣ್ಣಿನ ರಸದೊಂದಿಗೆ ನುಣ್ಣಗೆ ಅರೆದು, ತೆಂಗಿನತುರಿ ಸೇರಿಸಿ, ನೀರು ಹಾಕದೆ ಬೇಯಿಸುವುದು. ನಾರನ್ನು ಮೊದಲೇ ಜರಡಿಯಲ್ಲಿ ಸೋಸಿ ತೆಗೆಯಬೇಕು. ಇದು ರುಚಿಗೆ ಮೊದಲನೆಯ ಸ್ಥಾನ, ಸತ್ವಕ್ಕೆ ಮೂರನೆಯದು. ಒಂದು ಹಿಡಿ ಉದ್ದು ಸೇರಿಸಿ ಅರೆದರೆ ಆ ದೋಷವೂ ತೀರುತ್ತದೆ.

ಮೀನು ತಿನ್ನುವ ಮನೆಗಳಿಗೆ ಒಂದು ಸೂಚನೆ. ಪಡುಬಿದ್ರಿ, ಕಾಪು, ಮಲ್ಪೆಯ ಸಮುದ್ರದ ಬಾಗಿಲಲ್ಲಿ ಇದ್ದುಕೊಂಡು ಮಗುವಿಗೆ ಮೀನಿನ ರುಚಿ ತೋರಿಸಲು ಮೂರು ವರ್ಷ ಕಾಯುವವರಿದ್ದಾರೆ. ಕಾಯಬೇಕಾಗಿಲ್ಲ. ಕಾಣೆಯಂತಹ ಮೆತ್ತನೆಯ ಮೀನನ್ನು ಬೇಯಿಸಿ, ಮುಳ್ಳನ್ನು ಬೆರಳಿನಿಂದ ಎರಡು ಸಲ ತಡಕಿ ತೆಗೆದು, ಪುಡಿಮಾಡಿ ಮೊದಲನೆಯ ಹಿಟ್ಟಿಗೆ ಸೇರಿಸಬಹುದು. ಮೀನಿನಲ್ಲಿರುವ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ.

ಮೊಳಕೆಯ ಹಿಟ್ಟು ಮತ್ತು ಮಳೆಗಾಲ

ರಾಗಿಯನ್ನೂ ಹೆಸರನ್ನೂ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿಟ್ಟುಕೊಂಡರೆ ಪ್ರಯೋಜನ ಇಮ್ಮಡಿ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಮೊಳಕೆ ಬಂದ ರಾಗಿ ಮತ್ತು ಹೆಸರಿನಿಂದ ಮಕ್ಕಳ ಆಹಾರ ತಯಾರಿಸುವ ಕ್ರಮವನ್ನು 1982ರಲ್ಲಿ ಪ್ರಕಟಿಸಿದ್ದರು. ಅದರ ಗುಟ್ಟು ಇಷ್ಟೇ: ಮೊಳೆಯುವ ಕಾಳು ತನ್ನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳುವ ಒಂದು ಕಿಣ್ವವನ್ನು ಹುಟ್ಟಿಸುತ್ತದೆ. ಅಂತಹ ಹಿಟ್ಟಿನಿಂದ ಮಾಡಿದ ಅಂಬಲಿ ಅಂಟಂಟಾಗಿ ಗಟ್ಟಿಯಾಗುವುದಿಲ್ಲ. ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಕಾಳಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕುವ ವಸ್ತುವೂ ಮೊಳಕೆಯಿಂದ ಕಡಿಮೆಯಾಗುತ್ತದೆ.

ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ನೀರು ಚಿಮುಕಿಸುತ್ತಿರಬೇಕು. ಹೆಸರಿಗೆ ಒಂದು ದಿನ ಸಾಕು. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ಕೇರಿ, ಸಣ್ಣ ಉರಿಯಲ್ಲಿ ಹುರಿದು ಬೀಸಿಸುವುದು. ಜೂನಿನ ಮೇಲೆ ನಮ್ಮಲ್ಲಿ ಬಿಸಿಲಿನ ಮಾತಿಲ್ಲ. ಆದ್ದರಿಂದ ಮಳೆಗಾಲಕ್ಕೆ ಬೇಕಾದ ಕಾಳನ್ನು ಮೇ ತಿಂಗಳಲ್ಲಿಯೇ ಒಣಗಿಸಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಹದಿನೈದು ದಿನಕ್ಕೆ ಬೇಕಾಗುವಷ್ಟನ್ನು ಮಾತ್ರ ಹಿಟ್ಟು ಮಾಡಿಸುತ್ತಿರಬೇಕು. ಮುಗ್ಗಿದ ವಾಸನೆ ಬಂದ ಹಿಟ್ಟನ್ನು ಹುರಿದು ಸರಿಮಾಡುವ ಯೋಚನೆ ಬೇಡ.

ಇಲ್ಲಿ ಬೆಳೆಗಾರರ ಮನೆಗೆ ಮಾತ್ರ ಹೇಳಬೇಕಾದ ಎಚ್ಚರಿಕೆಯೊಂದಿದೆ. ಮೈಲುತುತ್ತು ಕಲಸಿದ ಬಾಲ್ದಿ, ಮದ್ದು ಬಿಡುವಾಗ ಉಪಯೋಗಿಸಿದ ಚೊಂಬು, ಗೊಬ್ಬರದ ಗೋಣಿ, ಇವು ಎಷ್ಟೇ ತೊಳೆದರೂ ಅಡುಗೆಮನೆಗೆ ಬರಬಾರದು. ಅಡಿಕೆ ಒಣಗುವ ಅಂಗಳದಲ್ಲಿಯೇ ಮಗುವಿನ ಕಾಳು ಒಣಗಿಸುವುದಾದರೆ ಅದಕ್ಕೆಂದೇ ಬೇರೆ ಬಟ್ಟೆ ಇರಲಿ.

ಎಚ್ಚರಿಕೆಯ ಮಾತು ಬಂದಿರುವಾಗ ಗಂಟಲಿಗೆ ಸಿಕ್ಕಿಕೊಳ್ಳುವ ವಿಷಯವನ್ನೂ ಹೇಳಿಬಿಡಬೇಕು. ಅಡಿಕೆ ಸುಲಿಯುವ ಜಗಲಿಯಲ್ಲಿ ಹೋಳು, ಚೂರು ಬಿದ್ದಿರುತ್ತವೆ. ಅಂಬೆಗಾಲಿಡುವ ಮಗು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಅಡಿಕೆಯ ಹೋಳು, ಇಡಿ ನೆಲಗಡಲೆ, ಹುರಿಗಡಲೆ, ಹಲಸಿನ ಬೀಜದ ತುಂಡು, ಇವು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ನೆಲಗಡಲೆಯನ್ನು ಹುರಿದು ಪುಡಿಮಾಡಿ ಹಿಟ್ಟಿಗೆ ಸೇರಿಸುವುದು ಒಳ್ಳೆಯದು, ಇಡಿಯಾಗಿ ಐದು ವರ್ಷದವರೆಗೂ ಬೇಡ. ಗುಳಿಯಪ್ಪವನ್ನೂ ಚಿಕ್ಕ ಮಕ್ಕಳಿಗೆ ನಾಲ್ಕು ಭಾಗ ಮಾಡಿ, ಕೂರಿಸಿ, ಎದುರಿಗೆ ಯಾರಾದರೂ ಇದ್ದುಕೊಂಡು ತಿನ್ನಿಸಬೇಕು. ಓಡಾಡುತ್ತಾ ತಿನ್ನುವ ಅಭ್ಯಾಸ ಬೇಡ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸ್ವರ ಹೊರಡದೆ, ಉಸಿರಾಡಲಾಗದೆ ಮುಖ ನೀಲಿಯಾಗುತ್ತಿದ್ದರೆ ತಲೆ ತಗ್ಗಿಸಿ ಹಿಡಿದು ಹೆಗಲ ಮೂಳೆಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಗುದ್ದಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಕಣ್ಣಿಗೆ ಕಾಣದ ತುಂಡಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಕೆಳಗೆ ಇಳಿಯುತ್ತದೆ. ಮುಂದಿನ ಕ್ರಮಗಳನ್ನು ಹತ್ತಿರದ ಆಸ್ಪತ್ರೆಯ ದಾದಿಯರಿಂದ ಒಮ್ಮೆ ಕೇಳಿ, ನೋಡಿ ಕಲಿತಿಟ್ಟುಕೊಳ್ಳುವುದು ಪ್ರತಿಯೊಂದು ಮನೆಗೂ ಲೇಸು.

ಗುಳಿಯಪ್ಪದ ಜೊತೆಗೆ ಏನು ಕೊಡಬೇಕು? ಪೇರಳೆ, ಪಪ್ಪಾಯಿ, ಮಾವು, ಕಿತ್ತಳೆ, ಯಾವುದಾದರೊಂದು ಹಣ್ಣಿನ ಮೆತ್ತನೆಯ ತುಂಡು. ಇವುಗಳಲ್ಲಿರುವ ಸಿ ಜೀವಸತ್ವ ಕಾಳು-ಸೊಪ್ಪಿನ ಕಬ್ಬಿಣವನ್ನು ಮೈ ಹೀರಿಕೊಳ್ಳುವಂತೆ ಮಾಡುತ್ತದೆ. ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವವು ಚಾ ಮತ್ತು ಕಾಫಿ. ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಹೀಗೆ ಬರೆಯುವುದು ಸರಿಯೇ ಎಂದು ಯಾರೂ ಮುನಿಯಬಾರದು. ಒಂದು ಲೋಟ ಒಳ್ಳೆಯ ಫಿಲ್ಟರ್ ಕಾಫಿ ದೊಡ್ಡವರ ಹಕ್ಕು. ಆದರೆ ಹಾಲಿಗೆ ಬಣ್ಣ ಬರುವಷ್ಟು ಕಾಫಿ ಬೆರೆಸಿ ಎರಡು ವರ್ಷದ ಮಗುವಿಗೆ ಕುಡಿಸುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ. ಮಗು ತಿಂದ ಕಬ್ಬಿಣದ ಒಂದು ಪಾಲನ್ನು ಆ ಲೋಟ ವ್ಯರ್ಥಮಾಡುತ್ತದೆ.

ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು ಕೊಡುವ ಕ್ರಮ 2018ರ ಅನೀಮಿಯ ಮುಕ್ತ ಭಾರತ ಯೋಜನೆಯಲ್ಲಿದೆ. ಆಶಾ ಕಾರ್ಯಕರ್ತೆ ಕೊಟ್ಟ ಬಾಟಲಿಯನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು ಮರೆಯಬೇಡಿ. ಒಂದು ವರ್ಷದೊಳಗಿನ ಶಿಶುವಿಗೆ ಜೇನು ನೆಕ್ಕಿಸಬಾರದು. ಮೊಟ್ಟೆ, ಮೀನು, ನೆಲಗಡಲೆಯಂತಹ ಹೊಸ ವಸ್ತುಗಳನ್ನು ಒಂದೊಂದಾಗಿ, ಎರಡು ಮೂರು ದಿನದ ಅಂತರದಲ್ಲಿ ಕೊಟ್ಟು ನೋಡಬೇಕು. ಎರಡು ವರ್ಷದವರೆಗೂ, ಅದರಾಚೆಗೂ ಎದೆಹಾಲು ಮುಂದುವರಿಯಲಿ.

ಇನ್ನು ತೋಟಕ್ಕೆ ಬರುವ ಹೆಂಗಸರ ಮಕ್ಕಳ ವಿಷಯ. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಗೃಹ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತ್ತು. ನಮ್ಮಂತಹ ಚಿಕ್ಕ ಹಿಡುವಳಿದಾರರಿಗೆ ಅದು ಅನ್ವಯಿಸುತ್ತಿರಲಿಲ್ಲ, ನಿಜ. ಆದರೆ ಕೊಯ್ಲಿನ ದಿನ ತಾಯಿಯೊಂದಿಗೆ ಬಂದು ಅಂಗಳದ ಮೂಲೆಯಲ್ಲಿ ಕುಳಿತಿರುವ ಮಗುವಿಗೂ ಹಸಿವಾಗುವುದು ಹತ್ತು ಗಂಟೆಗೇ. ಕಾವಲಿ ಒಲೆಯ ಮೇಲಿರುವಾಗ ಇನ್ನೊಂದು ಸುತ್ತು ಹೊಯ್ಯುವುದಕ್ಕೆ ಐದು ನಿಮಿಷ, ಒಂದು ಕುಡ್ತೆ ಹಿಟ್ಟು.

ಬೆಳಿಗ್ಗೆ ಮಾಡಿದ ಗುಳಿಯಪ್ಪ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಮೀನು ಹಾಕಿದ್ದನ್ನು ಮಾತ್ರ ಆಗಿಂದಾಗ್ಗೆ ತಿಂದು ಮುಗಿಸಬೇಕು. ಶೀತಕಪೆಟ್ಟಿಗೆ ಇದ್ದವರು ಉಳಿದದ್ದನ್ನು ಮುಚ್ಚಿ ಒಂದು ದಿನ ಇಟ್ಟುಕೊಳ್ಳಬಹುದು. ಮರುದಿನ ಕಾವಲಿಗೆ ಎರಡು ಹನಿ ನೀರು ಚಿಮುಕಿಸಿ ಮುಚ್ಚಿ ಬಿಸಿಮಾಡಿದರೆ ಮೊದಲಿನಷ್ಟೇ ಮೆತ್ತಗಾಗುತ್ತದೆ. ಒಳಗಿನ ಬಿಸಿ ಹೊರಗಿನಿಂದ ಗೊತ್ತಾಗುವುದಿಲ್ಲವಾದ್ದರಿಂದ, ಮುರಿದು ಆರಿಸಿಯೇ ಮಗುವಿನ ಕೈಗೆ ಕೊಡಿ.